ಮಂಡಳಿ ಚುನಾವಣೆ: ವೋಚರ್ ನೋಡುವವರಿಗೆ ಮೊದಲ ಓಟು

ಪ್ರಶ್ನೆ: ಸರ್, ನಾನು ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಊರು ಗುಬ್ಬಿ. ಕೆಲವು ವರ್ಷಗಳಿಂದ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ, ಲಿಬ್ರೆಆಫೀಸ್ ಅನ್ನುವ ಆಫೀಸ್ ಸಾಫ್ಟ್‌ವೇರ್‌ಗೆ ಕನ್ನಡ ಅನುವಾದ ಮಾಡುತ್ತಾ ಬಂದಿದ್ದೇನೆ. ಆ ಕೆಲಸದ ಮೇಲೆ ಅಮೆರಿಕದ ‘ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್’, ಅಂದರೆ ಎಸ್‌ಪಿಐ ಸಂಸ್ಥೆಯ ಸದಸ್ಯತ್ವ ಸಿಕ್ಕಿದೆ. ಇಂಥ ಸಾಫ್ಟ್‌ವೇರ್ ಯೋಜನೆಗಳ ದುಡ್ಡು, ಕಾನೂನು ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಅದು. ಮಂಡಳಿ ಚುನಾವಣೆಯಲ್ಲಿ ಓಟೂ ಇದೆ. ಅಭ್ಯರ್ಥಿಗಳು ತಮ್ಮ ತಮ್ಮ ಆದ್ಯತೆ ಏನು ಅಂತ ಬರೆದುಕೊಡುತ್ತಾರೆ. ಓದಿದರೆ ಎಲ್ಲರೂ ಪಾರದರ್ಶಕತೆ, ಬೆಳವಣಿಗೆ, ಸಮುದಾಯ ಅನ್ನುತ್ತಾರೆ. ಹೀಗಿದ್ದಾಗ ಯಾರನ್ನು ಮೊದಲು ಇಡಬೇಕು? ಇನ್ನೊಂದು, ಮುಂದಿನ ಸಲ ನೀವೇ ನಿಲ್ಲಿ ಅಂತ ಗೆಳೆಯರು ಒತ್ತಾಯ ಮಾಡುತ್ತಿದ್ದಾರೆ. ನಿಲ್ಲಬಹುದಾ?

ಉತ್ತರ: ಮೇಡಂ, ಎರಡನೇ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲನೆಯದಕ್ಕೆ ನೇರ ಉತ್ತರ ಇಷ್ಟು. ಲೆಕ್ಕ, ಪಾವತಿ, ಪತ್ರವ್ಯವಹಾರ, ಇವುಗಳ ಬಗ್ಗೆ ಬಿಡಿಸಿ ಬರೆದವರಿಗೆ ಮೊದಲ ಪ್ರಾಶಸ್ತ್ಯದ 1 ಹಾಕಿ. ಸ್ವತಂತ್ರ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಬಹುದಾದ ಸಾಫ್ಟ್‌ವೇರ್‌ನ ಭವಿಷ್ಯದ ಬಗ್ಗೆ ಸೊಗಸಾಗಿ ಬರೆದವರು ಆಮೇಲೆ ಬರಲಿ.

ಇದು ಲೆಕ್ಕ ಬರೆಯುವವನ ಪಕ್ಷಪಾತ ಅನ್ನಿಸಬಹುದು. ಅನ್ನಿಸಲಿ. ಸಂಘ, ಟ್ರಸ್ಟುಗಳ ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಡೆಬಿಯನ್ ಇದೆ. ಟ್ಯಾಲಿಗೋಸ್ಕರ ಬೇರೆ ಒಂದು ಮೆಷಿನ್ ಇಟ್ಟುಕೊಂಡಿದ್ದೇನೆ, ಆ ಕಥೆ ಈಗ ಬೇಡ. ಬಾಗಿಲು ಹಾಕಿದ ಸಂಘಗಳನ್ನು ಈ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಧ್ಯೇಯ ಸಾಲದೆ ಮುಚ್ಚಿದ್ದು ಒಂದೂ ನೆನಪಿಲ್ಲ. ಖಜಾಂಚಿ ಕೆಲಸ ಸಿಕ್ಕಿ ಊರು ಬಿಟ್ಟಿರುತ್ತಾರೆ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಿರುವುದಿಲ್ಲ. ಆಡಿಟ್ ಬಾಕಿ ಬಿದ್ದಿರುತ್ತದೆ. ರಿಜಿಸ್ಟ್ರಾರ್ ಕಚೇರಿ ನೋಟಿಸು ಹಳೇ ವಿಳಾಸಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ಕತೆ ಮುಗಿದಿರುತ್ತದೆ.

ಎಸ್‌ಪಿಐ ಕೂಡ ಒಂದು ಸಂಘವೇ. ದೊಡ್ಡದು, ದೂರದ್ದು, ಅಷ್ಟೇ ವ್ಯತ್ಯಾಸ.

ಅದು ಹುಟ್ಟಿದ್ದು 1997ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾಗಿ. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ನಾಲ್ಕು ವರ್ಷದಲ್ಲಿ ಅದು ಎಷ್ಟು ಬೆಳೆಯಿತು ಅಂದರೆ ಜನ ದುಡ್ಡು ಕೊಡುತ್ತೇವೆ ಅಂತ ಮುಂದೆ ಬರತೊಡಗಿದರು. ಆದರೆ ಡೆಬಿಯನ್ ಅನ್ನುವುದು ಕಾನೂನಿನ ಕಣ್ಣಿಗೆ ಯಾರೂ ಅಲ್ಲ. ಬೇರೆ ಬೇರೆ ದೇಶದಲ್ಲಿ ಕೂತ ಸ್ವಯಂಸೇವಕರ ಗುಂಪು. ಆ ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಬರುವುದಿಲ್ಲ. ಟ್ರೇಡ್‌ಮಾರ್ಕ್ ಯಾರ ಹೆಸರಲ್ಲಿ ಮಾಡಿಸುವುದು? ಯಾರೋ ಒಬ್ಬರ ಸ್ವಂತ ಖಾತೆಗೆ ದೇಣಿಗೆ ಹಾಕಿಸಿಕೊಂಡರೆ ತೆರಿಗೆಯೂ ಅವರ ತಲೆಗೇ, ಅನುಮಾನವೂ ಅವರ ಮೇಲೇ. ಇದಕ್ಕೆಲ್ಲ ಒಂದು ಕಾನೂನುಬದ್ಧ ಹೆಸರು ಬೇಕಿತ್ತು. ಅದೇ ಎಸ್‌ಪಿಐ. ಡೆಬಿಯನ್ ಟ್ರೇಡ್‌ಮಾರ್ಕ್ ಇವತ್ತಿಗೂ ಅದರ ಹೆಸರಲ್ಲೇ ಇದೆ. ಅಮೆರಿಕದ ತೆರಿಗೆ ಕಾನೂನಿನ 501(ಸಿ)(3) ವರ್ಗದಲ್ಲಿ ಇರುವುದರಿಂದ ಅಲ್ಲಿನ ದಾನಿಗಳಿಗೆ ವಿನಾಯಿತಿ ಸಿಗುತ್ತದೆ, ನಮ್ಮ 80ಜಿ ಥರ. ಆಮೇಲೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್, ಆರ್ಚ್ ಲಿನಕ್ಸ್, ಎಫ್‌ಎಫ್‌ಎಂಪೆಗ್, ಲಿಬ್ರೆಆಫೀಸ್ ಅಂತ ಬೇರೆ ಯೋಜನೆಗಳೂ ಬಂದು ಸೇರಿದವು. ಬಂದ ದೇಣಿಗೆಯಲ್ಲಿ ಶೇಕಡಾ 5 ಎಸ್‌ಪಿಐ ಖರ್ಚಿಗೆ, ಉಳಿದದ್ದು ಆಯಾ ಯೋಜನೆಗೆ. ಮಂಡಳಿಯಲ್ಲಿ 9 ಜನ, ಅವಧಿ 3 ವರ್ಷ, ಸಂಬಳ ಇಲ್ಲ.

ಈಗ ಮುಖ್ಯವಾದ ಮಾತು. ಯೋಜನೆಗಳ ತಾಂತ್ರಿಕ ವಿಷಯದಲ್ಲಿ ಈ ಮಂಡಳಿ ಕೈ ಹಾಕುವುದಿಲ್ಲ. ಡೆಬಿಯನ್‌ನಲ್ಲಿ ಕನ್ನಡಕ್ಕೆ ‘ಗುಬ್ಬಿ’ ಅಂತ ಒಂದು ಫಾಂಟ್ ಪ್ಯಾಕೇಜ್ ಇದೆ, ನಿಮಗೆ ಗೊತ್ತಿರುತ್ತದೆ. ಪಕ್ಕದಲ್ಲೇ ‘ನವಿಲು’ ಫಾಂಟೂ ಇರುವುದರಿಂದ ಅದು ಹಕ್ಕಿಯೇ ಹೊರತು ನಿಮ್ಮ ತಾಲ್ಲೂಕಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ಫಾಂಟ್ ಮುಂದಿನ ಆವೃತ್ತಿಯಲ್ಲಿ ಇರಬೇಕಾ ಬೇಡವಾ ಅನ್ನುವುದು ಡೆಬಿಯನ್‌ನವರ ತೀರ್ಮಾನ. ಎಸ್‌ಪಿಐ ಮಂಡಳಿಗೆ ಅದರಲ್ಲಿ ಮಾತಿಲ್ಲ, ಇರಲೂಬಾರದು. ಹಾಗಾಗಿ ಅಭ್ಯರ್ಥಿಯೊಬ್ಬರು ‘ಲಿನಕ್ಸ್ ಡೆಸ್ಕ್‌ಟಾಪ್ ಅನ್ನು ಮನೆಮನೆಗೆ ಮುಟ್ಟಿಸುತ್ತೇನೆ’ ಅನ್ನುವ ಧಾಟಿಯಲ್ಲಿ ಬರೆದಿದ್ದರೆ, ಅವರು ನಿಂತಿರುವ ಕುರ್ಚಿಯ ಕೆಲಸ ಏನು ಅಂತ ಅವರಿಗೇ ಸರಿಯಾಗಿ ಗೊತ್ತಿಲ್ಲ. ಉದ್ದೇಶ ಒಳ್ಳೆಯದೇ. ಜಾಗ ತಪ್ಪು.

ನಮ್ಮ ಹಳ್ಳಿ ಡೇರಿ ಚುನಾವಣೆ ನೆನೆಸಿಕೊಳ್ಳಿ. ನಿಲ್ಲುವವರು ಭಾಷಣದಲ್ಲಿ ಏನೇನೋ ಹೇಳುತ್ತಾರೆ. ಹಾಲು ಹಾಕುವ ಹೆಂಗಸರು ಕೇಳುವುದು ಎರಡೇ. ಬಟವಾಡೆ ಸರಿಯಾದ ದಿನಕ್ಕೆ ಆಗುತ್ತಾ? ಫ್ಯಾಟ್ ಸರಿಯಾಗಿ ಬರೀತಾರಾ? ಹಸು ಯಾವ ತಳಿ ಸಾಕಬೇಕು ಅಂತ ಡೈರೆಕ್ಟರ್ ಹೇಳಬೇಕಾಗಿಲ್ಲ, ಅದು ಅವರಿಗೇ ಗೊತ್ತು.

ಎಸ್‌ಪಿಐನಲ್ಲಿ ಈ ಬಟವಾಡೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಶಿರಾ ಕಡೆಯ ಒಬ್ಬ ಹುಡುಗ, ಕೊನೇ ವರ್ಷದ ಇಂಜಿನಿಯರಿಂಗ್, ಡೆಬಿಯನ್ ಪ್ಯಾಕೇಜ್ ನೋಡಿಕೊಳ್ಳುತ್ತಾನೆ ಅಂದುಕೊಳ್ಳಿ. ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ 2023ರಲ್ಲಿ ಕೊಚ್ಚಿಯಲ್ಲೇ ಇತ್ತು, ರೈಲಲ್ಲಿ ಹೋಗಿಬರಬಹುದಿತ್ತು. 2024ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ. ಪ್ರಯಾಣದ ಖರ್ಚು ಕೊಡುತ್ತೇವೆ ಅಂತ ಮೊದಲೇ ಒಪ್ಪಿಗೆ ಬಂದಿದೆ, ಆದರೆ ದುಡ್ಡು ಕೈಗೆ ಬರುವುದು ಹೋಗಿ ಬಂದ ಮೇಲೆ. ಮನೆಯಲ್ಲಿ ಅಷ್ಟು ಇಲ್ಲ. ಸೋದರಮಾವನ ಕ್ರೆಡಿಟ್ ಕಾರ್ಡ್‌ನಲ್ಲಿ ಟಿಕೆಟ್ ಮಾಡಿಸುತ್ತಾನೆ. 60,000 ರೂಪಾಯಿ ಅಂತಲೇ ಇಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ ಶುರು ನೋಡಿ. ಹಾಸ್ಟೆಲ್ ರಸೀದಿ ಕೊರಿಯನ್ ಭಾಷೆಯಲ್ಲಿದೆ. ಬಸ್ಸಿನ ರಸೀದಿ ಥರ್ಮಲ್ ಕಾಗದದ್ದು, ಜೇಬಿನಲ್ಲೇ ಮಾಸಿಹೋಗಿದೆ. ರಸೀದಿ ವಾನ್ ಲೆಕ್ಕದಲ್ಲಿ, ಕಾರ್ಡಿನ ಸ್ಟೇಟ್‌ಮೆಂಟ್ ರೂಪಾಯಿಯಲ್ಲಿ, ಕ್ಲೇಮು ಡಾಲರ್‌ನಲ್ಲಿ. ಯಾವ ದಿನದ ದರ ಹಿಡಿಯಬೇಕು? ಕಾರ್ಡ್ ಮಾವನದ್ದು, ಕ್ಲೇಮು ಅಳಿಯನದ್ದು, ಹೆಸರು ಹೊಂದುವುದಿಲ್ಲ. ಅದಕ್ಕೊಂದು ವಿವರಣೆ ಬರೆಯಬೇಕು. ಇಷ್ಟಾದ ಮೇಲೆ ಯೋಜನೆಯ ಕಡೆಯವರು ಒಪ್ಪಿಗೆ ಕೊಡಬೇಕು. ಆಮೇಲೆ ಎಸ್‌ಪಿಐ ಕಡೆ ಒಬ್ಬರು ರಸೀದಿಗಳನ್ನು ತಾಳೆ ನೋಡಿ, ಡೆಬಿಯನ್ ಪಾಲಿನ ಹಣದಲ್ಲಿ ಖರ್ಚು ಬರೆದು, ಹಣ ಕಳಿಸಬೇಕು. ಹೊರದೇಶದ ಹಣ ಬರಲು ಬ್ಯಾಂಕಿನ ಸ್ವಿಫ್ಟ್ ಕೋಡ್ ಬೇಕು; ಹುಡುಗನ ಖಾತೆ ಇರುವ ಶಾಖೆಗೆ ಅದು ಸ್ವಂತದ್ದು ಇಲ್ಲ, ಬೇರೆ ಶಾಖೆಯದ್ದು ಹಾಕಬೇಕು. ದಾರಿಯಲ್ಲಿ ಮಧ್ಯದ ಬ್ಯಾಂಕ್ ತನ್ನ ಶುಲ್ಕ ಕಿತ್ತುಕೊಳ್ಳುತ್ತದೆ. ಇಲ್ಲಿಗೆ ಬಂದ ಮೇಲೆ ಮ್ಯಾನೇಜರ್ ಕೇಳುತ್ತಾರೆ, ‘ಏನಪ್ಪಾ ಇದು, ಅಮೆರಿಕದಿಂದ ದುಡ್ಡು? ಪರ್ಪಸ್ ಕೋಡ್ ಏನು ಹಾಕಲಿ?’ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊರದೇಶದಿಂದ ಬರುವ ಹಣಕ್ಕೆಲ್ಲ ಆ ಕೋಡ್ ಬೇಕೇ ಬೇಕು.

ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಎಲ್ಲರೂ ಒಳ್ಳೆಯವರೇ. ಆದರೆ ಅಮೆರಿಕದ ಕಡೆ ರಸೀದಿ ನೋಡಬೇಕಾದವರು ದಿನವಿಡೀ ಬೇರೆ ನೌಕರಿ ಮಾಡಿ, ರಾತ್ರಿ ಬಿಡುವಾದಾಗ ಕೂರುವ ಸ್ವಯಂಸೇವಕರು ಅಂದುಕೊಳ್ಳಿ. ಅವರು ಎರಡು ತಿಂಗಳು ತಡ ಮಾಡಿದರೆ ಮಾವನ ಕಾರ್ಡಿಗೆ ಬಡ್ಡಿ ಹತ್ತುತ್ತಾ ಹೋಗುತ್ತದೆ. ತಿಂಗಳಿಗೆ ಶೇಕಡಾ 3.5 ಅಂದರೂ 60,000ಕ್ಕೆ 2,100 ರೂಪಾಯಿ. ಮುಂದಿನ ವರ್ಷ ಆ ಹುಡುಗ ಸಮ್ಮೇಳನಕ್ಕೆ ಹೋಗುವುದಿಲ್ಲ. ಹೋಗಲಿಲ್ಲ ಯಾಕೆ ಅಂತ ಯಾರಿಗೂ ಹೇಳುವುದೂ ಇಲ್ಲ. ಕ್ರೆಡಿಟ್ ಕಾರ್ಡ್ ಸಾಲ ತೀರಿಸುವ ತಾಕತ್ತು ಇದ್ದವರು ಮಾತ್ರ ಉಳಿಯುತ್ತಾರೆ. ‘ಎಲ್ಲರನ್ನೂ ಒಳಗೊಳ್ಳುತ್ತೇವೆ’ ಅನ್ನುವ ಅಭ್ಯರ್ಥಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಕ್ಲೇಮು ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಕೊಡಿಸುತ್ತೀರಿ? ಟಿಕೆಟ್ ದುಡ್ಡು ಮುಂಗಡ ಕೊಡುವ ದಾರಿ ಇದೆಯಾ?

ಈ ಪ್ರಶ್ನೆಗೆ ಉತ್ತರ ಬರೆದವರು ಸಿಕ್ಕರೆ ಬಿಡಬೇಡಿ.

ಇನ್ನು ‘ನಿರ್ವಾಹಕರಿಗೆ ಹಣ ಕೊಡಿಸುತ್ತೇವೆ’ ಅನ್ನುವ ಭರವಸೆ. ನಿರ್ವಾಹಕರು ಅಂದರೆ ಒಂದೊಂದು ಸಾಫ್ಟ್‌ವೇರನ್ನು ದಿನಾ ನೋಡಿಕೊಳ್ಳುವವರು. ಈಚೆಗೆ ಇದು ಜಾಸ್ತಿಯಾಗಿದೆ, ಕಾರಣವೂ ಇದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನುವ ಸಣ್ಣ ಕಂಪ್ರೆಷನ್ ಸಾಫ್ಟ್‌ವೇರ್‌ನಲ್ಲಿ ಹಿಂಬಾಗಿಲು, ಅಂದರೆ ಕಂಪ್ಯೂಟರಿನೊಳಗೆ ಕದ್ದು ನುಗ್ಗುವ ದಾರಿ, ಸಿಕ್ಕಿದ್ದು ನಿಮಗೆ ನೆನಪಿರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಭಿವೃದ್ಧಿ ಮಾಡುವ ಆಂಡ್ರೆಸ್ ಫ್ರಾಯ್ಂಡ್, ಡೆಬಿಯನ್‌ನ ಇನ್ನೂ ಬಿಡುಗಡೆಯಾಗದ ‘ಅನ್‌ಸ್ಟೇಬಲ್’ ಆವೃತ್ತಿಯಲ್ಲಿ ದೂರದ ಕಂಪ್ಯೂಟರ್‌ಗೆ ಸೇರುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆಗಿದ್ದನ್ನು ಗಮನಿಸಿ, ಹುಡುಕಿ ಹೊರಗೆ ತಂದರು. ಅಷ್ಟು ದೊಡ್ಡ ಭಾರ ಹೊತ್ತಿದ್ದ ಆ ಸಾಫ್ಟ್‌ವೇರನ್ನು ವರ್ಷಗಟ್ಟಲೆ ನೋಡಿಕೊಂಡಿದ್ದು ಸುಸ್ತಾದ ಒಬ್ಬ ಸ್ವಯಂಸೇವಕ. ಸಹಾಯ ಮಾಡುವ ನೆಪದಲ್ಲಿ ಬಂದವನೇ ಹಿಂಬಾಗಿಲು ಇಟ್ಟಿದ್ದ. ಇದಾದ ಮೇಲೆ ನಿರ್ವಾಹಕರಿಗೆ ಸಂಬಳ ಕೊಡಬೇಕು ಅನ್ನುವ ಮಾತು ಎಲ್ಲೆಲ್ಲೂ ಶುರುವಾಯಿತು. ಮಾತು ಸರಿಯಾಗೇ ಇದೆ.

ಆದರೆ ಎಸ್‌ಪಿಐ ಮಂಡಳಿ ಕೈಯಲ್ಲಿ ಅದಕ್ಕೆ ದುಡ್ಡಿಲ್ಲ. ಖಾತೆಯಲ್ಲಿ ಕಾಣುವ ಮೊತ್ತದಲ್ಲಿ ಬಹುಪಾಲು ಯೋಜನೆಗಳದ್ದು, ಎಸ್‌ಪಿಐ ಅದನ್ನು ಕಾಯುವುದು ಮಾತ್ರ. ಡೆಬಿಯನ್‌ಗೆ ಕೊಟ್ಟದ್ದನ್ನು ಇನ್ನೊಂದು ಯೋಜನೆಯ ನಿರ್ವಾಹಕರಿಗೆ ಹಂಚಲು ಬರುವುದಿಲ್ಲ. ಮಂಡಳಿಯ ಸ್ವಂತ ಕಿಸೆ ಅಂದರೆ ಆ ಶೇಕಡಾ 5 ಮತ್ತು ಎಸ್‌ಪಿಐ ಹೆಸರಿಗೇ ಯಾರಾದರೂ ಕೊಟ್ಟ ದೇಣಿಗೆ. ಅದರಲ್ಲೇ ಬ್ಯಾಂಕ್ ಶುಲ್ಕ, ವಕೀಲರು, ತೆರಿಗೆ ಫಾರಂ ಎಲ್ಲ ಆಗಬೇಕು. ನೀವೇ ಲೆಕ್ಕ ಹಾಕಿ. ವರ್ಷಕ್ಕೆ 50,000 ಡಾಲರ್ ಕೊಟ್ಟು ಒಬ್ಬ ಲೆಕ್ಕಿಗರನ್ನು ಇಟ್ಟುಕೊಳ್ಳಬೇಕಾದರೆ, ಆ ಶೇಕಡಾ 5ರಿಂದಲೇ ಹೊರಡಬೇಕು ಅಂದರೆ, ವರ್ಷಕ್ಕೆ 10 ಲಕ್ಷ ಡಾಲರ್ ದೇಣಿಗೆ ಬರಬೇಕು. ಬೇರೆ ಯಾವ ಖರ್ಚೂ ಇಲ್ಲ ಅಂದುಕೊಂಡರೂ ಅಷ್ಟು.

ಹಾಗಂತ ಲೆಕ್ಕಿಗರು ಬೇಡ ಅಂತಲ್ಲ. ನನ್ನ ಪ್ರಕಾರ ಬೇಕೇ ಬೇಕು. ಸ್ವಯಂಸೇವಕರ ಮೇಲೆ ಸಾಫ್ಟ್‌ವೇರ್ ನಡೆಯುತ್ತದೆ, ಯಾಕೆಂದರೆ ಅದು ಅವರಿಗೆ ಖುಷಿ ಕೊಡುವ ಕೆಲಸ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು ಯಾರಿಗೂ ಖುಷಿ ಕೊಡುವುದಿಲ್ಲ, ನನಗೂ ಸೇರಿದ ಹಾಗೆ. ಅದಕ್ಕೇ ನನಗೆ ದುಡ್ಡು ಕೊಡುತ್ತಾರೆ. ಹೋಲಿಸಿ ನೋಡುವುದಾದರೆ ‘ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ’ ಅಂತ ಇನ್ನೊಂದು ಸಂಸ್ಥೆ ಇದೆ, 2006ರಲ್ಲಿ ಶುರುವಾದದ್ದು. ಗಿಟ್, ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರ್ ಯೋಜನೆಗಳು ಅದರ ಆಸರೆಯಲ್ಲಿವೆ. ಅವರು ಶೇಕಡಾ 10 ತೆಗೆದುಕೊಳ್ಳುತ್ತಾರೆ, ಸಂಬಳದ ಸಿಬ್ಬಂದಿ ಇದ್ದಾರೆ, ಸಾಫ್ಟ್‌ವೇರ್ ಪರವಾನಗಿಯ ಉಲ್ಲಂಘನೆಯ ಮೇಲೆ ಕೋರ್ಟಿಗೂ ಹೋಗುತ್ತಾರೆ. 2021ರಲ್ಲಿ ಟಿವಿ ತಯಾರಿಸುವ ವಿಜಿಯೋ ಕಂಪನಿ ಮೇಲೆ ಹಾಕಿದ ಕೇಸು ಅವರದ್ದೇ. ಎಸ್‌ಪಿಐ ದಾರಿ ಬೇರೆ. ಕಡಿಮೆ ತೆಗೆದುಕೊಳ್ಳುತ್ತದೆ, ಕಡಿಮೆ ಕೇಳುತ್ತದೆ, ಯೋಜನೆಗಳನ್ನು ಅವುಗಳ ಪಾಡಿಗೆ ಬಿಡುತ್ತದೆ. ಆ ಸ್ವಭಾವ ಇಷ್ಟವಾಗಿಯೇ ಅನೇಕ ಯೋಜನೆಗಳು ಅಲ್ಲಿವೆ. ಆದರೆ ಲೆಕ್ಕ ನೋಡುವ ಕೆಲಸ ಮಾತ್ರ ಎರಡು ಕಡೆಯೂ ಒಂದೇ ಅಲ್ವಾ? ಶೇಕಡಾ 5ರಲ್ಲಿ ಶೇಕಡಾ 10ರ ಸೇವೆ ಕೊಡುತ್ತೇವೆ ಅನ್ನುವ ಅಭ್ಯರ್ಥಿ ಎಲ್ಲಿಂದ ತರುತ್ತಾರೆ ಅಂತ ಹೇಳಬೇಕು. ಶುಲ್ಕ ಏರಿಸೋಣ ಅಂತ ಧೈರ್ಯವಾಗಿ ಬರೆದವರು ಇದ್ದರೆ, ಒಪ್ಪದಿದ್ದರೂ ಅವರನ್ನು ಮೇಲೆ ಇಡಿ. ಕೊನೇ ಪಕ್ಷ ಲೆಕ್ಕ ಹಾಕಿದ್ದಾರೆ.

‘ಹೊಸ ಯೋಜನೆಗಳನ್ನು ಸೇರಿಸಿಕೊಳ್ಳುತ್ತೇವೆ’ ಅನ್ನುವುದೂ ಇದೇ ಜಾತಿಯ ಮಾತು. ಪ್ರತಿ ಹೊಸ ಯೋಜನೆ ಅಂದರೆ ಇನ್ನೊಂದು ಖಾತೆ ಪುಟ, ಇನ್ನೊಬ್ಬ ಪ್ರತಿನಿಧಿ, ಇನ್ನಷ್ಟು ರಸೀದಿ. ದುಡ್ಡು ತರುವ ಯೋಜನೆ ಬಂದರೆ ಭಾರ ಇಳಿಯುತ್ತದೆ. ವರ್ಷಕ್ಕೆ ನೂರು ಡಾಲರ್ ಬರುವ ಯೋಜನೆ ಇಪ್ಪತ್ತು ಬಂದರೆ ಖಜಾಂಚಿ ಕೈಮುಗಿದು ಹೊರಡುತ್ತಾರೆ. ಈಗ ದುಡ್ಡು ಕೊಡುವವರು ನಮ್ಮ ಕಡೆಯೂ ಇದ್ದಾರೆ. ಬೆಂಗಳೂರಿನ ಝೆರೋಧಾ ಕಂಪನಿ 2024ರಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಅಂತಲೇ ವರ್ಷಕ್ಕೆ 10 ಲಕ್ಷ ಡಾಲರ್‌ನ ಒಂದು ನಿಧಿ ಘೋಷಿಸಿತು. ಅಂಥ ದುಡ್ಡು ಬಂದಾಗ ಇಳಿಸಿಕೊಳ್ಳಲು ಒಂದು ಕಟ್ಟುನಿಟ್ಟಾದ ಖಾತೆ ಇರಬೇಕು. ಎಸ್‌ಪಿಐಯಂಥವುಗಳ ಬೆಲೆ ಗೊತ್ತಾಗುವುದೇ ಆಗ.

ನಮ್ಮ ಕಡೆಯವರಿಗೆ ತುಂಬಾ ಹಿಡಿಸುವ ಭರವಸೆ ಒಂದಿದೆ. ‘ಏಷ್ಯಾ, ಆಫ್ರಿಕಾದ ಸ್ಥಳೀಯ ಗುಂಪುಗಳಿಗೆ ನೇರವಾಗಿ ಅನುದಾನ.’ ಓದಿದ ಕೂಡಲೇ ಓಟು ಹಾಕಬೇಕು ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ತುಮಕೂರಿನಲ್ಲಿ ನೀವು ಏಳು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಒಂದು ಸಂಘ ಮಾಡಬಹುದು, ಅದು ಕಷ್ಟವಲ್ಲ. ಆದರೆ ಆ ಸಂಘಕ್ಕೆ ಅಮೆರಿಕದ ಸಂಸ್ಥೆ ಅನುದಾನ ಕೊಟ್ಟರೆ ಅದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ, ಅಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬರುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಅದಕ್ಕೆ ಸಂಘ ಹುಟ್ಟಿ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಇಲ್ಲದಿದ್ದರೆ ಆ ಒಂದು ಅನುದಾನಕ್ಕೆ ಮಾತ್ರ ಪೂರ್ವಾನುಮತಿ ಕೇಳಬೇಕು. ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ, ಬೇರೆಲ್ಲೂ ಅಲ್ಲ. 2020ರ ತಿದ್ದುಪಡಿ ಆದ ಮೇಲೆ ನೋಂದಣಿ ಇರುವ ದೊಡ್ಡ ಸಂಸ್ಥೆ ತಗೊಂಡು ಚಿಕ್ಕ ಸಂಘಕ್ಕೆ ದಾಟಿಸುವ ಹಾಗೂ ಇಲ್ಲ. ತಿಂಗಳಿಗೊಮ್ಮೆ ಸೇರಿ ಲಿನಕ್ಸ್ ಹಾಕಿಕೊಡುವ ನಿಮ್ಮ ಹುಡುಗರ ಗುಂಪಿಗೆ ಇದೆಲ್ಲ ಎಲ್ಲಿ ಸಾಧ್ಯ?

ಇದನ್ನು ತಿಳಿದ ಅಭ್ಯರ್ಥಿ ಬೇರೆ ಥರ ಬರೆಯುತ್ತಾರೆ. ಕಾರ್ಯಕ್ರಮದ ಹಾಲ್ ಬಾಡಿಗೆ, ಊಟದ ಬಿಲ್ ಥರದ್ದನ್ನು ವ್ಯಾಪಾರದ ಬಿಲ್ ಮೇಲೆ ನೇರವಾಗಿ ಅಂಗಡಿಯವರಿಗೇ ಕಟ್ಟುವುದು, ಅಥವಾ ಭಾರತದ ದಾನಿಗಳ ದುಡ್ಡನ್ನು ಭಾರತದ ಸಂಸ್ಥೆಯ ಮೂಲಕವೇ ಬಳಸುವುದು, ಇಂಥ ದಾರಿಗಳನ್ನು ಹೇಳುತ್ತಾರೆ. ಅವರು ಭಾರತದವರೇ ಆಗಬೇಕಿಲ್ಲ. ಒಂದೊಂದು ದೇಶಕ್ಕೆ ಒಂದೊಂದು ಕಾನೂನು ಇರುತ್ತದೆ, ಮೊದಲು ಕೇಳಿ ತಿಳಿಯಬೇಕು ಅನ್ನುವಷ್ಟು ಎಚ್ಚರ ಇದ್ದರೆ ಸಾಕು. ನಿಮಗೂ ಒಂದು ಮಾತು, ಹೊರದೇಶದ ಯಾವ ದುಡ್ಡು ಗುಂಪಿನ ಹೆಸರಿಗೆ ಬರುವುದಾದರೂ, ಬರುವ ಮೊದಲೇ ನಿಮ್ಮ ಸಿಎ ಹತ್ತಿರ ಮಾತಾಡಿ. ಬಂದ ಮೇಲೆ ಮಾತಾಡಿದರೆ ಅವರೂ ಏನೂ ಮಾಡಲಾರರು.

ಪಾರದರ್ಶಕತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಬರೆಯುವ ಪದ ಅದು, ಅದರಿಂದ ಯಾರೂ ಬೇರೆಯಾಗಿ ಕಾಣುವುದಿಲ್ಲ. ಪದ ಬಿಟ್ಟು ದಾಖಲೆ ನೋಡಿ. ಅಮೆರಿಕದ ಇಂಥ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರಂ 990 ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಸತತ ಮೂರು ವರ್ಷ ಕೊಡದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಸಭೆಯ ನಡಾವಳಿ, ವಾರ್ಷಿಕ ವರದಿಗಳನ್ನೂ ಎಸ್‌ಪಿಐ ಪ್ರಕಟಿಸುತ್ತದೆ. ಮರುಆಯ್ಕೆಗೆ ನಿಂತವರು ಇದ್ದರೆ ಕಳೆದ ಮೂರು ವರ್ಷದ ನಡಾವಳಿ ತೆಗೆದು ಅವರ ಹೆಸರು ಹುಡುಕಿ. ಎಷ್ಟು ಸಭೆಗೆ ಬಂದಿದ್ದಾರೆ? ಯಾವ ಠರಾವು ಮಂಡಿಸಿದ್ದಾರೆ? ಒಂದು ಸಂಜೆಯ ಕೆಲಸ. ಒಂಬತ್ತು ಜನರ ಮಂಡಳಿಯಲ್ಲಿ ನಾಲ್ಕು ಜನ ಸುಮ್ನೆ ಹೆಸರಿಗೆ ಇದ್ದರೆ ಕೋರಂಗೇ ಪರದಾಟ. ಕೋರಂ ಇಲ್ಲದ ತಿಂಗಳು ಯಾವುದೂ ಮುಂದಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಆಸರೆಯ ಸಂಸ್ಥೆ ಬಿದ್ದರೆ ಅದರ ಕೆಳಗಿನವರೆಲ್ಲ ಬೀದಿಗೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ ತಾನು ಮುಚ್ಚುವುದಾಗಿ ಹೇಳಿತು. ಅದರ ಕೆಳಗೆ ನೂರಾರು ಸಣ್ಣ ಗುಂಪುಗಳಿದ್ದವು. ಆ ವರ್ಷ ಮುಗಿಯುವುದರೊಳಗೆ ಅವು ಬೇರೆ ಆಸರೆ ಹುಡುಕಿಕೊಳ್ಳಬೇಕಾಯಿತು, ಇಲ್ಲವೇ ಹಣ ಖರ್ಚು ಮಾಡಿ ಮುಗಿಸಬೇಕಾಯಿತು. ಸ್ವತಂತ್ರ ತಂತ್ರಾಂಶಗಳಿಗೆ ಆಸರೆಯಾಗಿರುವ ಓಪನ್ ಸೋರ್ಸ್ ಕಲೆಕ್ಟಿವ್ ಬೇರೆ ಸಂಸ್ಥೆ, ಅದು ಉಳಿಯಿತು. ಹೆಸರು ಹತ್ತಿರ ಇರುವುದರಿಂದ ಆಗ ಎಷ್ಟೋ ಜನ ಗಾಬರಿಯಾಗಿದ್ದರು. ಅದೇ ವರ್ಷ ಗ್ನೋಮ್ ಅನ್ನುವ ಲಿನಕ್ಸ್ ಡೆಸ್ಕ್‌ಟಾಪ್ ಹಿಂದಿರುವ ಗ್ನೋಮ್ ಫೌಂಡೇಶನ್ ಕೂಡ ಕೆಲವು ವರ್ಷಗಳಿಂದ ಕೊರತೆ ಬಜೆಟ್ ನಡೆಸಿಕೊಂಡು ಬಂದಿದ್ದಾಗಿ ಹೇಳಿ ಖರ್ಚು ಕಡಿತ ಮಾಡಬೇಕಾಯಿತು. ಗ್ನೋಮ್ ಡೆಸ್ಕ್‌ಟಾಪ್‌ಗೆ ಏನೂ ಆಗಲಿಲ್ಲ, ಅದು ಚೆನ್ನಾಗಿಯೇ ಇದೆ. ತೊಂದರೆ ಆಗಿದ್ದು ಆಫೀಸಿಗೆ.

ಓಟು ಹಾಕುವ ಕ್ರಮ ನಿಮಗೆ ಹೊಸದಲ್ಲ. ನಮ್ಮ ಆಗ್ನೇಯ ಶಿಕ್ಷಕರ ಕ್ಷೇತ್ರ, ಪದವೀಧರ ಕ್ಷೇತ್ರದ ಬ್ಯಾಲೆಟ್‌ನಲ್ಲಿ ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತೀರಲ್ಲ, ಇಲ್ಲೂ ಹೆಸರುಗಳನ್ನು ಹಾಗೇ ಸಾಲಾಗಿ ಇಡಬೇಕು. ನಂಬಿಕೆ ಇರುವವರೆಗೆ ಬರೆದು ನಿಲ್ಲಿಸಿಬಿಡಿ. ಎಲ್ಲರಿಗೂ ನಂಬರ್ ಕೊಡಲೇಬೇಕು ಅಂತ ಮುಲಾಜು ಬೇಡ. ಎರಡು ಹೇಳಿಕೆ ಸಮ ಅನ್ನಿಸಿದರೆ, ಹಿಂದೆ ಎಲ್ಲಾದರೂ ಖಜಾಂಚಿ ಅಥವಾ ಕಾರ್ಯದರ್ಶಿ ಕೆಲಸ ಮಾಡಿದವರನ್ನು ಮೇಲೆ ಇಡುತ್ತೇನೆ ನಾನು. ಪ್ರಸಿದ್ಧ ಪ್ರೋಗ್ರಾಮರ್ ಅನ್ನುವುದಕ್ಕೆ ಈ ಚುನಾವಣೆಯಲ್ಲಿ ನನ್ನ ಹತ್ತಿರ ಅಂಕವಿಲ್ಲ. ಒಂದೇ ಕಂಪನಿಯ ಮೂರು ಜನ ನಿಂತಿದ್ದರೆ ಸ್ವಲ್ಪ ನೋಡಿಕೊಳ್ಳಿ, ಮಂಡಳಿಯಲ್ಲಿ ಒಂದೇ ಮನೆಯವರು ತುಂಬುವುದು ಎಲ್ಲಿಯೂ ಒಳ್ಳೆಯದಲ್ಲ.

ಈಗ ನೀವು ನಿಲ್ಲುವ ವಿಷಯ. ನಿಲ್ಲಬಹುದು. ಅಮೆರಿಕದವರೇ ಆಗಬೇಕು ಅಂತಿಲ್ಲ, ಬೇರೆ ಬೇರೆ ದೇಶದವರು ಆ ಮಂಡಳಿಯಲ್ಲಿ ಕೂತಿದ್ದಾರೆ. ಕೋಡ್ ಬರೆಯುವವರೇ ಆಗಬೇಕು ಅಂತಲೂ ಇಲ್ಲ, ಅನುವಾದದ ಮೇಲೇ ತಾನೆ ನಿಮಗೆ ಓಟು ಸಿಕ್ಕಿದ್ದು. ಆದರೆ ಮಂಡಳಿ ಸದಸ್ಯರು ಅಂದರೆ ಕಾನೂನಿನ ಪ್ರಕಾರ ಆ ದುಡ್ಡಿಗೆ ಹೊಣೆಗಾರರು. ಓದದೆ ಕೈ ಎತ್ತುವ ಹಾಗಿಲ್ಲ. ನಿಮಗೆ ಸಂಬಂಧ ಇರುವ ವಿಷಯ ಬಂದಾಗ, ಕನ್ನಡ ಅನುವಾದಕ್ಕೆ ದುಡ್ಡು ಕೊಡುವ ಪ್ರಸ್ತಾಪ ಬಂತು ಅಂತಿಟ್ಟುಕೊಳ್ಳಿ, ಮೊದಲೇ ಹೇಳಿ ಪಕ್ಕಕ್ಕೆ ಸರಿಯಬೇಕು. ಸಭೆಗಳು ಅಮೆರಿಕ, ಯುರೋಪಿನ ಗಡಿಯಾರಕ್ಕೆ ಹೊಂದುವ ಹೊತ್ತಿಗೆ ಇದ್ದರೆ ನಮಗೆ ಕಷ್ಟ. ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ರಾತ್ರಿ 8 ಗಂಟೆ ಅಂದರೆ ನಮಗೆ ನಡುರಾತ್ರಿ 1.30. ಬೆಳಿಗ್ಗೆ 9ಕ್ಕೆ ಕ್ಲಾಸ್ ಇದ್ದವರು ತಿಂಗಳಿಗೊಮ್ಮೆಯಂತೆ ಮೂರು ವರ್ಷ ಎದ್ದಿರಬಹುದಾ ಅಂತ ಮನೆಯವರ ಜೊತೆ ಕೂತು ಮಾತಾಡಿ. ನಾನು ತಮಾಷೆಗೆ ಹೇಳುತ್ತಿಲ್ಲ. ಅರ್ಧಕ್ಕೆ ಬಿಟ್ಟವರ ಕುರ್ಚಿಯೇ ಇಂಥ ಮಂಡಳಿಗಳಿಗೆ ದೊಡ್ಡ ತಲೆನೋವು.

ನಿಮ್ಮ ಪಾಲಿಟೆಕ್ನಿಕ್ ಸರ್ಕಾರಿಯಾ, ಅನುದಾನಿತವಾ ಅಂತ ಬರೆದಿಲ್ಲ. ಸರ್ಕಾರಿ ಆದರೆ 2021ರ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು ಇವೆ. ಸಂಬಳ ಇಲ್ಲದ ಹುದ್ದೆ ಆದರೂ, ಹೊರದೇಶದ ಸಂಸ್ಥೆಯ ಆಡಳಿತ ಮಂಡಳಿ ಅಂದ ಮೇಲೆ ಇಲಾಖೆಗೆ ಮೊದಲೇ ಬರೆದು ಲಿಖಿತ ಅನುಮತಿ ತಗೊಳ್ಳುವುದು ಒಳ್ಳೆಯದು. ಪ್ರಿನ್ಸಿಪಾಲರು ಬಾಯಲ್ಲಿ ‘ಆಯ್ತು ಬಿಡಿ’ ಅಂದರೆ ಸಾಲದು, ಅವರು ನಾಳೆ ವರ್ಗವಾಗಿ ಹೋಗುತ್ತಾರೆ.

ನನ್ನ ಸಲಹೆ, ಈ ವರ್ಷ ಅಭ್ಯರ್ಥಿ ಆಗಬೇಡಿ. ಸಭೆಗಳನ್ನು ಕೇಳಿ, ನಡಾವಳಿ ಓದಿ. ಖಜಾಂಚಿಗೆ ಒಂದು ಮೇಲ್ ಬರೆಯಿರಿ. ಭಾರತದಿಂದ ಬರುವ ಕ್ಲೇಮುಗಳ ರಸೀದಿ ನೋಡಿಕೊಡುತ್ತೇನೆ, ಯಾವ ಬಿಲ್ ಏನು, ಜಿಎಸ್‌ಟಿ ಎಲ್ಲಿದೆ, ಶಾಖೆಯ ಸ್ವಿಫ್ಟ್ ಕೋಡ್ ಯಾವುದು ಅಂತ ಬರೆದುಕೊಡುತ್ತೇನೆ ಅಂತ ಹೇಳಿ. ಇಂಥ ಸಹಾಯವನ್ನು ಯಾರೂ ಬೇಡ ಅನ್ನುವುದಿಲ್ಲ. ಒಂದು ವರ್ಷ ಈ ಕೆಲಸ ಮಾಡಿದ ಮೇಲೂ ನಿಲ್ಲುವ ಮನಸ್ಸು ಇದ್ದರೆ ನಿಂತುಕೊಳ್ಳಿ. ಆಗ ನಿಮ್ಮ ಹೇಳಿಕೆಯಲ್ಲಿ ಬರೆಯಲು ನಿಮ್ಮ ಹತ್ತಿರ ವಿಷಯ ಇರುತ್ತದೆ. ಅನುಮತಿಯ ಅರ್ಜಿಯನ್ನು ಮಾತ್ರ ಈಗಲೇ ಹಾಕಿಬಿಡಿ, ಫೈಲು ಬೆಂಗಳೂರಿಗೆ ಹೋಗಿ ಬರುವುದಕ್ಕೆ ಒಂದು ವರ್ಷವೂ ಬೇಕಾಗಬಹುದು.